ಕಥೆಯೊಳಗಿನ ದಾಖಲೆ: ಕೊಲ್ಲಾಪುರದ ಮೂಕಿಚಿತ್ರ ಮತ್ತು ನಮ್ಮ ಗಡಿನಾಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರದ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯುವವರು ಶಾಸನ, ಹಸ್ತಪ್ರತಿ, ಜನಪದ ಹಾಡುಗಳನ್ನು ಆಕರಗಳೆಂದು ಒಪ್ಪುತ್ತಾರೆ. ಚಲನಚಿತ್ರವನ್ನು ಮಾತ್ರ ‘ಅದು ಕಥೆ, ದಾಖಲೆಯಲ್ಲ’ ಎಂದು ಬದಿಗಿಡುತ್ತಾರೆ. ನಿಪ್ಪಾಣಿಗೆ ಕೂಗಳತೆಯೆನ್ನುವಷ್ಟು ಹತ್ತಿರವಿರುವ ಕೊಲ್ಲಾಪುರವು ಮೂಕಿಚಿತ್ರಗಳ ದೊಡ್ಡ ಕೇಂದ್ರವಾಗಿತ್ತು ಎಂಬುದನ್ನು ನೆನೆದರೆ, ಈ ಉಪೇಕ್ಷೆ ಸಣ್ಣದಲ್ಲ. ಕಥೆ ಮತ್ತು ದಾಖಲೆಗಳನ್ನು ಹೀಗೆ ಎರಡು ಕಪಾಟುಗಳಲ್ಲಿ ಇಡುವ ಕ್ರಮವೇ ಮರುಚಿಂತನೆಗೆ ಅರ್ಹವಾದುದು.

ಆರಂಭಕಾಲದ ಸಿನಿಮಾ ಈ ವಿಂಗಡಣೆಯನ್ನು ಅರಿತಿರಲಿಲ್ಲ. ಲೂಮಿಯೇರ್ ಸೋದರರು 1895ರಲ್ಲಿ ತೋರಿಸಿದ, ಕಾರ್ಮಿಕರು ಕಾರ್ಖಾನೆಯಿಂದ ಹೊರಬರುವ ದೃಶ್ಯವನ್ನು ಒಂದಕ್ಕಿಂತ ಹೆಚ್ಚು ಬಾರಿ ಚಿತ್ರಿಸಲಾಗಿತ್ತು. ಅಂದರೆ ‘ವಾಸ್ತವ’ವೂ ಸಿದ್ಧತೆಯಿಂದಲೇ ಬಂದದ್ದು. ರಾಬರ್ಟ್ ಫ್ಲಾಹರ್ಟಿಯವರ ‘ನನೂಕ್ ಆಫ್ ದಿ ನಾರ್ತ್’ (1922) ಸಾಕ್ಷ್ಯಚಿತ್ರದ ಮೂಲಕೃತಿಯೆನಿಸಿಕೊಂಡಿದೆ. ಆದರೆ ಅದರಲ್ಲಿ ಕಾಣುವ ಕುಟುಂಬ ಜೋಡಿಸಿದ ಕುಟುಂಬ. ಬಂದೂಕು ಬಳಕೆಗೆ ಬಂದಿದ್ದರೂ ಹಳೆಯ ಪದ್ಧತಿಯ ಬೇಟೆಯನ್ನೇ ಆಡಿಸಿ ಚಿತ್ರಿಸಲಾಗಿದೆ. ನಮ್ಮಲ್ಲಿ ದಾದಾಸಾಹೇಬ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ಕ್ಕೆ (1913) ಮುನ್ನ ಬೀಜವೊಂದು ಮೊಳೆತು ಗಿಡವಾಗುವುದನ್ನು ಚಿತ್ರಿಸಿ ತೋರಿಸಿದ್ದರು. ಪುರಾಣಕಥೆಗೆ ಹಣ ಹೂಡುವವರ ವಿಶ್ವಾಸವನ್ನು ಗಳಿಸಿಕೊಟ್ಟದ್ದು ಒಂದು ಪ್ರಕೃತಿ ದಾಖಲೆ.

1925ರ ಎರಡು ಭಾರತೀಯ ಚಿತ್ರಗಳು ಈ ಬೆರಕೆಯ ಎರಡು ಬಗೆಗಳನ್ನು ತೋರುತ್ತವೆ. ಹಿಮಾಂಶು ರಾಯ್ ಮತ್ತು ಫ್ರಾಂಜ್ ಆಸ್ಟನ್ ಅವರ ‘ಪ್ರೇಮ ಸಂನ್ಯಾಸ’ವು ಅಂದಿನ ಭಾರತದ ಬೀದಿಗಳನ್ನು, ಐರೋಪ್ಯ ಪ್ರವಾಸಿಗಳನ್ನು, ಬೋಧಗಯೆಯನ್ನು ತೋರಿಸಿ, ಆ ಬಳಿಕ ಬುದ್ಧನ ಕಥೆಯನ್ನು ಪ್ರವೇಶಿಸುತ್ತದೆ. ಅಲ್ಲಿ ದಾಖಲೆ ಕಥೆಯ ಹೆಬ್ಬಾಗಿಲು. ಕೊಲ್ಲಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಬಾಬುರಾವ್ ಪೇಂಟರ್ ನಿರ್ದೇಶಿಸಿದ ‘ಸಾವಕಾರಿ ಪಾಶ’ದಲ್ಲಾದರೋ ಅಂತಹ ಬಾಗಿಲಿಲ್ಲ. ಸಾಲದ ಬಲೆಗೆ ಸಿಕ್ಕ ರೈತನೊಬ್ಬ ಭೂಮಿ ಕಳೆದುಕೊಂಡು ನಗರದ ಗಿರಣಿಯತ್ತ ನಡೆಯುವ ಕಥೆಯೇ ಕಾಲದ ದಾಖಲೆಯಾಯಿತು. ಯುವ ರೈತನ ಪಾತ್ರ ವಹಿಸಿದವರು ಮುಂದೆ ಹೆಸರಾಂತ ನಿರ್ದೇಶಕರಾದ ವಿ. ಶಾಂತಾರಾಮ್. ಪೌರಾಣಿಕ ಚಿತ್ರಗಳ ಕಾಲದಲ್ಲಿ ಸಾವಕಾರನ ಲೆಕ್ಕದ ಪುಸ್ತಕವನ್ನು ಕಥಾವಸ್ತುವಾಗಿ ಆರಿಸಿಕೊಂಡದ್ದೇ ಒಂದು ನಿಲುವು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಂತಹ ಬೆರಕೆ ಹೊಸತೇನಲ್ಲ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು, ಮುದುವೊಳಲಿನ ರನ್ನನು ‘ಗದಾಯುದ್ಧ’ದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಇವು ಕಾವ್ಯಗಳೆಂಬ ಕಾರಣಕ್ಕೆ ಚರಿತ್ರಕಾರರು ಅವನ್ನು ಕೈಬಿಡಲಿಲ್ಲ, ಕಾವ್ಯದ ಮಾತನ್ನೆಲ್ಲ ಚರಿತ್ರೆಯೆಂದು ನಂಬಲೂ ಇಲ್ಲ. ಆ ವಿವೇಕವನ್ನೇ ಮೂಕಿಚಿತ್ರಕ್ಕೂ ಅನ್ವಯಿಸಬೇಕಾಗಿದೆ. ಒಂದು ವ್ಯತ್ಯಾಸವುಂಟು: ಕವಿ ಆರಿಸಿದ್ದು ಮಾತ್ರ ಕಾವ್ಯಕ್ಕೆ ಬರುತ್ತದೆ, ಕ್ಯಾಮೆರಾದ ಮುಂದೆ ನಿರ್ದೇಶಕನು ಕರೆಯದೆಯೂ ನೆಲ, ಉಡುಗೆ, ನಡಿಗೆ, ಬಿಸಿಲು ಬಂದು ನಿಲ್ಲುತ್ತವೆ. ಆದ್ದರಿಂದ ‘ಇದು ನಿಜವೇ?’ ಎಂಬುದಕ್ಕಿಂತ ‘ಇದರಲ್ಲಿ ಕಟ್ಟಿದ್ದು ಯಾವುದು, ತಾನಾಗಿ ಬಂದದ್ದು ಯಾವುದು?’ ಎಂಬ ಪ್ರಶ್ನೆ ಹೆಚ್ಚು ಫಲಪ್ರದ.

ಆದರೆ 1925ರ ‘ಸಾವಕಾರಿ ಪಾಶ’ದ ಪ್ರತಿ ಇಂದು ಉಳಿದಿಲ್ಲ. ಪೇಂಟರ್ ಅವರೇ 1936ರಲ್ಲಿ ಅದನ್ನು ವಾಕ್ಚಿತ್ರವಾಗಿ ಮತ್ತೆ ತೆಗೆದರು. ಅದನ್ನು ನೋಡಿ ಮೊದಲನೆಯದರ ಬಗ್ಗೆ ತೀರ್ಪು ಕೊಡುವುದು ಪಾಠಾಂತರವನ್ನೇ ಮೂಲವೆಂದು ಭಾವಿಸಿದಂತೆ. ಮೂಲವಿಲ್ಲದಾಗ ಉಳಿದ ಆಧಾರಗಳನ್ನು ಕೂಡಿಸುವುದು ಗ್ರಂಥಸಂಪಾದನೆಯ ಕ್ರಮ. ಪೇಂಟರ್ ತಮ್ಮ ಚಿತ್ರಗಳಿಗೆ ಭಿತ್ತಿಚಿತ್ರಗಳನ್ನು ಬರೆದರು, ಛಾಯಾಚಿತ್ರಗಳಿದ್ದ ಕಿರುಹೊತ್ತಗೆಗಳನ್ನು ಹಂಚಿದರು. ಅವುಗಳನ್ನು ಕೊಲ್ಲಾಪುರದಲ್ಲಿ ಹುಡುಕಿದರೆ ಸಾಲದು. ಗಡಿಯ ಈಚೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿಯೂ ಹುಡುಕಬೇಕು.

ಇದು ಮರಾಠಿಯವರ ಕೆಲಸವೆಂದು ಕೈಕಟ್ಟಿ ಕೂಡುವಂತಿಲ್ಲ. ಮೂಕಿಚಿತ್ರಕ್ಕೆ ಆಡುಭಾಷೆಯ ಗಡಿಯಿರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಚಿತ್ರೀಕರಣಗೊಂಡದ್ದೂ ಕೊಲ್ಲಾಪುರದಲ್ಲಿಯೇ. ಹಸ್ತಪ್ರತಿಯ ಒಂದು ಗರಿಗಾಗಿ ಊರೂರು ಅಲೆಯುವ ನಮ್ಮ ಸಂಶೋಧಕರು, ನೂರು ವರ್ಷದ ಹಿಂದಿನ ಈ ಕಾಗದಗಳು ಗೆದ್ದಲಿಗೆ ತುತ್ತಾಗುವ ಮೊದಲು ಅವುಗಳಿಗೂ ಅಷ್ಟೇ ಶ್ರಮಪಡಲಿ.