ಜೀರ್ ಎನ್ನುವುದಕ್ಕೇ ಜೀರುಂಡೆ ಹೆಸರಿರಲಿ

ಹೋದ ವಾರ ಚೊಕ್ಕಸಂದ್ರ ಕೆರೆ ಪಕ್ಕದ ಹೊಂಗೆ ಮರದಲ್ಲಿ ಒಂದು ಪೊರೆ ಸಿಕ್ಕಿತು. ಬೆಲ್ಲದ ಬಣ್ಣ, ನಡುಬೆನ್ನು ಸೀಳಿತ್ತು, ಮುಂಗಾಲಿಗೆ ಒಣಗಿದ ಕೆಮ್ಮಣ್ಣು ಅಂಟಿತ್ತು. ಮನೆಗೆ ತಂದು ಲೆನ್ಸ್ ಹಿಡಿದೆ. ಸೀಳಿನಿಂದ ಬಿಳಿ ನೂಲಿನಂಥ ಎಳೆಗಳು ಇಳಿಬಿದ್ದಿದ್ದವು. ಅವು ಹುಳದ ಉಸಿರುನಾಳಗಳ ಒಳಪದರ. ಪೊರೆ ಕಳಚುವಾಗ ಅದೂ ಕಳಚಿ ಬರುತ್ತದೆ.

"ಇದೇನು ತಾತಾ?" ಎಂದಳು ಮೊಮ್ಮಗಳು. ಜೀರುಂಡೆ ಎಂದೆ. ಓಡಿಹೋಗಿ ಅವಳ ಪುಸ್ತಕ ತಂದಳು. ಅಲ್ಲಿ ಜೀರುಂಡೆ ಎಂದರೆ ಸಗಣಿ ಉಂಡೆ ಉರುಳಿಸುವ ಗಟ್ಟಿ ರೆಕ್ಕೆಯ ಹುಳ.

ತೀರ್ಥಹಳ್ಳಿ ಕಡೆಯವನಾದ ನನಗೆ ಜೀರುಂಡೆ ಎಂದರೆ ಬೇಸಿಗೆಯಲ್ಲಿ ಕಾಡಿಗೆ ಕಾಡೇ ಜೀರ್ ಎನ್ನುವ ಹಾಗೆ ಮಾಡುವ ಹುಳ. ಸಗಣಿ ಹುಳಕ್ಕೆ ಕೋಶದ ಹಂತ ಉಂಟು, ಇದಕ್ಕೆ ಇಲ್ಲ. ಇದರ ಮರಿ ವರ್ಷಗಟ್ಟಲೆ ನೆಲದೊಳಗೆ ಬೇರಿನ ರಸ ಹೀರಿ ಬೆಳೆಯುತ್ತದೆ, ಆಮೇಲೆ ಮೇಲೆ ಬಂದು ಪೊರೆ ಬಿಟ್ಟು ಹಾರುತ್ತದೆ. ಜೀರ್ ಎನ್ನುವುದು ಗಂಡು. ಹೊಟ್ಟೆಯ ಬುಡದಲ್ಲಿ ಪುಟ್ಟ ತಮಟೆಯಂಥ ಎರಡು ಪಟಲಗಳಿವೆ, ಅವನ್ನು ಒಳಗಿನ ಸ್ನಾಯು ಸೆಳೆದು ಸೆಳೆದು ಬಿಡುತ್ತದೆ.

ಹೆಸರಿಗೇಕೆ ಇಷ್ಟು ಹಟ ಎಂದರೆ, ನಾನು ಪೀಣ್ಯದಲ್ಲಿ 31 ವರ್ಷ ಲೇತ್ ಮುಂದೆ ನಿಂತವನು. ಎಂ-10 ಬೋಲ್ಟ್ ಎಂದರಷ್ಟೇ ಸಾಲದು, ಪಿಚ್ 1.5ಓ 1.25ಓ ಎಂದು ಕೇಳಬೇಕು. ಬರಿಗಣ್ಣಿಗೆ ಎರಡೂ ಒಂದೇ. ಥ್ರೆಡ್ ಗೇಜ್ ಇಟ್ಟು ನೋಡದಿದ್ದರೆ ನಟ್ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಮಾಲು ವಾಪಸ್ ಬರುತ್ತದೆ.

ಹುಳಗಳಿಗೂ ಇಂಥ ಗೇಜ್ ಹಿಡಿಯುವವರಿದ್ದಾರೆ. ದಕ್ಷಿಣ ಅಮೆರಿಕದಲ್ಲಿ ಫಿಡಿಸಿನಾ ಎಂಬ ಜೀರುಂಡೆ ಕುಲವಿದೆ, 1843ರಲ್ಲಿ ಹೆಸರಿಟ್ಟದ್ದು. 1996ರಲ್ಲಿ ಬುಲಾರ್ ಮತ್ತು ಮಾರ್ಟಿನೆಲ್ಲಿ ಎಂಬ ತಜ್ಞರು ಅದರೊಳಗಿನ ಕೆಲವನ್ನು ಬೇರೆ ಮಾಡಿ ಫಿಡಿಸಿನಾಯ್ಡಿಸ್ ಎಂಬ ಹೊಸ ಕುಲ ಮಾಡಿದರು. ಅವುಗಳಲ್ಲಿ ಕೆಲವು ಬ್ರೆಜಿಲ್‌ನ ಕಾಫಿ ತೋಟಗಳಲ್ಲಿ ಬೇರಿನ ರಸ ಹೀರುವಂಥವು. ಯಾವ ಹುಳ ಎಂದು ಗೊತ್ತಿಲ್ಲದೆ ಬೆಳೆಗಾರ ಯಾವುದಕ್ಕೆಂದು ಮದ್ದು ಹುಡುಕಬೇಕು?

ಅಷ್ಟು ದೂರವೂ ಬೇಡ. ಕೇರಳದ ಒಂದು ಜೀರುಂಡೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಮಲೇಷ್ಯಾದ ಪುರಾನಾ ಟೈಗ್ರಿನಾ ಎಂದೇ ತಿಳಿದಿದ್ದರು. 2023ರಲ್ಲಿ ಅದು ಬೇರೆಯದೇ ಎಂದು ತೋರಿಸಿಕೊಟ್ಟು ಪುರಾನಾ ಚೀವೀಡಾ ಎಂದು ಹೆಸರಿಟ್ಟರು. ಚೀವೀಡು ಎಂಬುದು ಜೀರುಂಡೆಗೆ ಅಲ್ಲಿಯವರು ದಿನಾ ಆಡುವ ಮಾತು. ಓದಿದಾಗ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಕನ್ನಡದಲ್ಲಿ ನಾವು ಯಾವ ಹುಳಕ್ಕೆ ಯಾವ ಹೆಸರು ಎಂದೇ ಇನ್ನೂ ತೀರ್ಮಾನಿಸಿಲ್ಲ.

ಹಾಗೆಂದು ಬಲ್ಲವರು ದೂರವೇನೂ ಇಲ್ಲ. ಹೆಬ್ಬಾಳದಾಚೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಸಿ. ಎ. ವಿರಕ್ತಮಠ ಅವರು ಜೀರುಂಡೆಯ ನೆಂಟನಾದ ಜಿಗಿಹುಳಗಳ ವರ್ಗೀಕರಣಕ್ಕೇ ಆಯುಷ್ಯ ಕೊಟ್ಟಿದ್ದಾರೆ. ಅದೇ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2016ರಲ್ಲಿ ಭಾರತ ಮತ್ತು ಸುತ್ತಲಿನ ದೇಶಗಳ 281 ಜೀರುಂಡೆ ಪ್ರಭೇದಗಳ ಪಟ್ಟಿ ಹೊರತಂದರು.

ಪಠ್ಯಪುಸ್ತಕ ಬರೆಯುವವರಲ್ಲಿ, ಪತ್ರಿಕೆಯವರಲ್ಲಿ ನನ್ನದೊಂದು ಬೇಡಿಕೆ. ಜೀರುಂಡೆ ಎಂಬ ಹೆಸರನ್ನು ಜೀರ್ ಎನ್ನುವ ಹುಳಕ್ಕೇ ಬಿಡಿ. ಗಟ್ಟಿ ರೆಕ್ಕೆಯವಕ್ಕೆ ರೈತರು, ಕೃಷಿ ಇಲಾಖೆಯವರು ದುಂಬಿ ಎನ್ನುತ್ತಾರೆ. ಕವಿಗಳ ದುಂಬಿ ಹೂವಿನ ಸುತ್ತ ಸುಳಿಯುವಂಥದ್ದು, ಅಲ್ಲೊಂದು ತೊಡಕಿದೆ, ಒಪ್ಪುತ್ತೇನೆ. ಆದರೂ ಆ ಗೊಂದಲ ಇದಕ್ಕಿಂತ ಚಿಕ್ಕದು.

ಪೊರೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಊರು, ತಾರೀಖು, ಮರದ ಹೆಸರು ಬರೆದಿದ್ದೇವೆ. ಬರೀ ಪೊರೆ ನೋಡಿ ಪ್ರಭೇದ ಹೇಳುವುದು ಕಷ್ಟ. ಗಂಡು ಹುಳ ಬೇಕು, ಅದರ ದನಿ ಬೇಕು. ಮೊಮ್ಮಗಳು ಈಗ ಸಂಜೆ ನನ್ನ ಫೋನ್ ಹಿಡಿದು ಆ ಹೊಂಗೆಯ ಕೆಳಗೆ ನಿಲ್ಲುತ್ತಾಳೆ. ಗಾಡಿಗಳ ಹಾರ್ನ್ ನಿಂತ ತಕ್ಷಣ ರೆಕಾರ್ಡ್ ಒತ್ತುತ್ತಾಳೆ.