ಆ ಪಾಠದ ಸಿ.ಡಿ.ಗಳನ್ನು ಗುಜರಿಗೆ ಹಾಕಬೇಡಿ

ಶಿಕ್ಷಕ ಬಂಧುಗಳೇ, ಎಸ್‌ಡಿಎಂಸಿ ಸದಸ್ಯರೇ,

ನಮ್ಮ ಎಷ್ಟೋ ಶಾಲೆಗಳ ಬೀರುವಿನಲ್ಲಿ ಹಳೆಯ ಪಾಠದ ಸಿ.ಡಿ.ಗಳು ಇನ್ನೂ ಉಳಿದಿವೆ. ಬೀಜ ಮೊಳೆಯುವುದು, ಹೃದಯದೊಳಗೆ ರಕ್ತ ಹರಿಯುವುದು, ಚಂದ್ರನ ಕಲೆಗಳು ಬದಲಾಗುವುದು, ಎಲ್ಲವೂ ಕನ್ನಡದ ದನಿಯಲ್ಲಿ. ಮಗು ಮೌಸ್ ಒತ್ತಿದರೆ ಚಿತ್ರ ಮುಂದಕ್ಕೆ ಹೋಗುತ್ತದೆ, ಬೇಕಾದಲ್ಲಿ ನಿಲ್ಲುತ್ತದೆ. ಈಗ ಅದೇ ಸಿ.ಡಿ.ಯನ್ನು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಬ್ರೌಸರಿನಲ್ಲಿ ತೆರೆದರೆ ಕಾಣುವುದು ಖಾಲಿ ಚೌಕ, ಅದರೊಳಗೆ ಪ್ಲಗಿನ್‌ಗೆ ಬೆಂಬಲವಿಲ್ಲ ಎಂಬ ಒಂದು ಸಾಲು. ‘ಲಿನಕ್ಸಿನದು ಇಷ್ಟೇ ಸಾರ್, ವಿಂಡೋಸ್ ಹಾಕಿಸಿಬಿಡಿ’ ಎಂದು ರಿಪೇರಿಗೆ ಬಂದವರು ಹೇಳುತ್ತಾರೆ. ಹಾಕಿಸಲು ದುಡ್ಡಿಲ್ಲದ ಕಡೆ ಸಿ.ಡಿ. ಗುಜರಿಯ ದಾರಿ ಹಿಡಿಯುತ್ತದೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ವಿಂಡೋಸ್ ಹಾಕಿಸಿದರೂ ಆ ಚೌಕ ತುಂಬುವುದಿಲ್ಲ. ಆ ಪಾಠಗಳು ನಡೆಯುತ್ತಿದ್ದುದು ಅಡೋಬಿ ಕಂಪನಿಯ ಫ್ಲ್ಯಾಶ್ ಪ್ಲೇಯರ್ ಎಂಬ ಪ್ಲಗಿನ್ನಿನ ಮೇಲೆ. ಲಿನಕ್ಸನ್ನು ಆ ಕಂಪನಿ ಮೊದಲೇ ಬದಿಗಿಟ್ಟಿತ್ತು ಎಂಬುದು ನಿಜ. ಲಿನಕ್ಸಿನ ಫೈರ್‌ಫಾಕ್ಸ್ ಬ್ರೌಸರಿಗೆ ಫ್ಲ್ಯಾಶ್‌ನ 11.2ನೇ ಆವೃತ್ತಿಯೇ ಕೊನೆ ಎಂದು 2012ರಲ್ಲಿ ಹೇಳಿ, 2016ರಲ್ಲಿ ಮತ್ತೆ ಮನಸ್ಸು ಬದಲಿಸಿತು. ಆದರೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಎಲ್ಲರಿಗೂ ಮುಗಿಯಿತು. ಮುಂದಿನ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಪಾಠಗಳನ್ನು ತಡೆಯತೊಡಗಿತು. ಅದೇ ತಿಂಗಳು ಫೈರ್‌ಫಾಕ್ಸ್ 85 ಫ್ಲ್ಯಾಶ್ ಬೆಂಬಲವನ್ನು ಪೂರ್ತಿ ಕಿತ್ತುಹಾಕಿತು. ಭದ್ರತೆಯ ತೂತುಗಳನ್ನು ಮುಚ್ಚಿ ಮುಚ್ಚಿ ಎಲ್ಲರೂ ಸೋತಿದ್ದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನವೇ.

ಹಾಗಾಗಿ ಮೊದಲ ಬೇಡಿಕೆ: ‘ಫ್ಲ್ಯಾಶ್ ಪ್ಲೇಯರ್ ಡೌನ್‌ಲೋಡ್’ ಎಂದು ಹುಡುಕಿ ಕಂಡದ್ದನ್ನು ಇನ್‌ಸ್ಟಾಲ್ ಮಾಡಬೇಡಿ. ಅಡೋಬಿ ಅದನ್ನು ಹಂಚುವುದನ್ನೇ ನಿಲ್ಲಿಸಿದೆ. ಆ ಹೆಸರಿನಲ್ಲಿ ಬೇರೆಯವರು ಕೊಡುವುದನ್ನು ನಂಬುವಂತಿಲ್ಲ; ಫ್ಲ್ಯಾಶ್ ಅಪ್‌ಡೇಟ್ ಎಂಬ ಸೋಗಿನಲ್ಲಿ ವೈರಸ್ ಹರಡುವುದು ಬಹಳ ಹಳೆಯ ದಂಧೆ. ಹಳೆಯ ಫೈರ್‌ಫಾಕ್ಸನ್ನು ಹುಡುಕಿ ತಂದು, ಅದರಲ್ಲೇ ಮಕ್ಕಳನ್ನು ಇಂಟರ್ನೆಟ್ಟಿಗೆ ಬಿಡುವುದೂ ಬೇಡ.

ಬದಲಿಗೆ ರಫಲ್ ಎಂಬ ಉಚಿತ ತಂತ್ರಾಂಶವಿದೆ. ಫ್ಲ್ಯಾಶ್ ಮಾಡುತ್ತಿದ್ದ ಕೆಲಸವನ್ನು ಅಡೋಬಿಯ ಹಂಗಿಲ್ಲದೆ ಮಾಡುವಂತೆ ಹೊಸದಾಗಿ ಬರೆದದ್ದು, ಮೂಲ ಕೋಡ್ ಎಲ್ಲರಿಗೂ ಮುಕ್ತ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರಿನಿಂದ ಹಳೆಯ ಫ್ಲ್ಯಾಶ್ ಚಿತ್ರಗಳನ್ನು ಇದರಿಂದಲೇ ತೋರಿಸುತ್ತಿದೆ. ರಫಲ್‌ನ ಸ್ವಂತ ತಾಣದಿಂದಲೇ ಲಿನಕ್ಸ್ ಆವೃತ್ತಿಯನ್ನು ಇಳಿಸಿಕೊಳ್ಳಿ. ಸಿ.ಡಿ.ಯ ಫೋಲ್ಡರನ್ನು ಪೂರ್ತಿಯಾಗಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಒಂದೇ ಫೈಲ್ ಎತ್ತಿಕೊಂಡರೆ ಸಾಲದು, ಮುಖ್ಯ ಫೈಲು ಉಳಿದವನ್ನು ಒಂದೊಂದಾಗಿ ಕರೆಯುತ್ತಿರುತ್ತದೆ. ಹೆಸರಿನ ಕೊನೆಗೆ ಎಸ್‌ಡಬ್ಲ್ಯುಎಫ್ ಎಂದಿರುವ ಫೈಲನ್ನು ರಫಲ್‌ನಲ್ಲಿ ತೆರೆಯಿರಿ. ಕಂಪ್ಯೂಟರ್ ತೀರಾ ಹಳೆಯದಾಗಿ, ಗ್ರಾಫಿಕ್ಸ್ ಸಾಲದೆ ಅದು ಏಳದಿದ್ದರೆ ಬ್ರೌಸರಿನ ರಫಲ್ ಎಕ್ಸ್‌ಟೆನ್ಷನ್ ಹಾಕಿ ನೋಡಿ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಮೊದಲ ಪರದೆ ಬರುತ್ತದೆ, ‘ಮುಂದೆ’ ಒತ್ತಿದರೆ ಏನೂ ಆಗುವುದಿಲ್ಲ. ರಫಲ್ ಕೆಟ್ಟಿದೆ ಎಂದು ಕೈಬಿಡುವ ಮುನ್ನ ಫೈಲುಗಳ ಹೆಸರು ನೋಡಿ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ವಿಂಡೋಸ್ ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ಪಾಠ ಕರೆಯುವ ಹೆಸರಿನಲ್ಲಿ ಮೊದಲಕ್ಷರ ದೊಡ್ಡದು, ಡಿಸ್ಕಿನಲ್ಲಿರುವುದು ಚಿಕ್ಕದು ಎಂದಾದರೆ ಫೈಲು ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಹೆಸರು ತಿದ್ದಿ ಮತ್ತೆ ಒತ್ತಿ ನೋಡಿ. ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಬಂದರೆ ಅದು ಯುನಿಕೋಡ್‌ಗೂ ಹಿಂದಿನ ಫಾಂಟಿನ ತೊಂದರೆ. ಆಗಲೂ ಚಿತ್ರ, ದನಿ ಉಳಿದಿರುತ್ತವೆ. ಪಾಠ ಮಾಡಲು ಅಷ್ಟು ಸಾಕು.

ಎಲ್ಲ ಪಾಠವೂ ಬದುಕುತ್ತದೆ ಎಂದು ನಾನು ಮಾತು ಕೊಡಲಾರೆ. ಫ್ಲ್ಯಾಶ್ ಪಾಠಗಳ ಕೋಡ್ ಬರೆಯುವ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟಿನ ಹಳೆಯ 1 ಮತ್ತು 2ನೇ ಆವೃತ್ತಿಗಳಲ್ಲಿ ಬರೆದವು ಹೆಚ್ಚುಪಾಲು ಚೆನ್ನಾಗಿ ನಡೆಯುತ್ತವೆ. 2006ರಲ್ಲಿ ಬಂದ 3ನೇ ಆವೃತ್ತಿಯಲ್ಲಿ ಬರೆದ ಕೆಲವು ಅರ್ಧಕ್ಕೆ ನಿಲ್ಲಬಹುದು. ಇವತ್ತು ನಡೆಯದಿದ್ದರೂ ಎಸೆಯಬೇಡಿ. ರಫಲ್ ಇನ್ನೂ ಬೆಳೆಯುತ್ತಿದೆ.

ಈ ಪಾಠಗಳನ್ನು ಅಂದು ತಯಾರಿಸಿದ ಸಂಸ್ಥೆಗಳಿಗೂ, ಕಲಾವಿದರಿಗೂ ಒಂದು ವಿನಂತಿ. ಚಿತ್ರಗಳ ಮೂಲ ಫೈಲು ನಿಮ್ಮಲ್ಲಿದ್ದರೆ ಅದನ್ನು ಎಚ್‌ಟಿಎಂಎಲ್5ಗೆ ಬದಲಿಸಿಕೊಡಿ. ಅದಕ್ಕೆ ಬಿಡುವಿಲ್ಲದಿದ್ದರೆ ಮೂಲವನ್ನೇ ಶಾಲೆಗಳಿಗೆ ಮುಕ್ತವಾಗಿ ಬಿಟ್ಟುಕೊಡಿ, ಮಾಡಬಲ್ಲ ಯುವಕರು ನಮ್ಮಲ್ಲಿದ್ದಾರೆ. ಪ್ಲಗಿನ್ ಬೇಡದ ಪಾಠ ಲಿನಕ್ಸಿನಲ್ಲೂ ತೆರೆಯುತ್ತದೆ, ಅಪ್ಪನ ಮೊಬೈಲಿನಲ್ಲೂ ತೆರೆಯುತ್ತದೆ.

ಶಿಕ್ಷಕರಲ್ಲಿ ಕೊನೆಯ ಮಾತು. ಸಿ.ಡಿ. ಡ್ರೈವ್ ಇರುವ ಕಂಪ್ಯೂಟರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಡಿಸ್ಕುಗಳ ಮೇಲೆ ಗೀರು ಹೆಚ್ಚುತ್ತಿದೆ. ಪಾಠ ನಡೆಯುತ್ತದೋ ಇಲ್ಲವೋ ಆಮೇಲೆ ನೋಡೋಣ. ಈ ವಾರ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಎಲ್ಲ ಸಿ.ಡಿ.ಗಳನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿ, ಇನ್ನೊಂದು ಪ್ರತಿಯನ್ನು ಪಕ್ಕದ ಶಾಲೆಗೂ ಕೊಡಿ.