ಕೂಡಿಬಾರದ ಸಂಗೀತ

“ಇಂಥ ಚಿತ್ರಕ್ಕೆ ಇಂಥವರ ಸಂಗೀತವಿರಬೇಕಿತ್ತಂತೆ, ಕಡೆಗಳಿಗೆಯಲ್ಲಿ ತಪ್ಪಿಹೋಯಿತಂತೆ” ಎಂದು ಮರುಗುವುದು ನಮ್ಮ ಸಿನಿಮಾ ರಸಿಕರಿಗೆ ಒಂದು ಚಟವಾಗಿದೆ. ದೋಷವನ್ನು ವಿಧಿಯ ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ. ಇಲ್ಲಿ ವಿಧಿಗೇನೂ ಕೆಲಸವಿಲ್ಲ. ಸಂಗೀತಗಾರನೆಂದರೆ ಹಾಡು ಒದಗಿಸುವವನು ಎಂಬ ನಮ್ಮ ಎಣಿಕೆಯೇ ಇದಕ್ಕೆ ಕಾರಣ.

ಪರದೇಶದಲ್ಲೂ ಹೀಗೆ ತಪ್ಪಿಹೋದದ್ದುಂಟು. 1966ರಲ್ಲಿ ಹಿಚ್‌ಕಾಕ್ ತನ್ನ ‘ಟಾರ್ನ್ ಕರ್ಟನ್’ ಚಿತ್ರಕ್ಕೆ ಹಳೆಯ ಜೊತೆಗಾರ ಬರ್ನಾರ್ಡ್ ಹೆರ್ಮನ್ ರಚಿಸಿದ್ದ ಸಂಗೀತವನ್ನು ತಳ್ಳಿಹಾಕಿದ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗಾಗಿ ಅಲೆಕ್ಸ್ ನಾರ್ತ್ ಬರೆದದ್ದನ್ನು ಕ್ಯೂಬ್ರಿಕ್ ಕೈಬಿಟ್ಟು, ಸ್ಟ್ರಾಸ್ ಮೊದಲಾದವರ ಕೃತಿಗಳನ್ನೇ ಉಳಿಸಿಕೊಂಡ. ಅನ್ಯಾಯವೇ ಸರಿ. ಆದರೆ ಬರೆದದ್ದು ಅಳಿಯಲಿಲ್ಲ. 1993ರಲ್ಲಿ ಜೆರ್ರಿ ಗೋಲ್ಡ್‌ಸ್ಮಿತ್ ನುಡಿಸಿದ ನಾರ್ತ್‌ನ ಆ ಸಂಗೀತ ಧ್ವನಿಮುದ್ರಿಕೆಯಾಗಿ ಹೊರಬಂತು. ಕೇಳುಗರು ತಾವೇ ತೀರ್ಪು ಕೊಡಬಹುದಾಯಿತು.

ನಮ್ಮಲ್ಲೋ, ಬರೆಸುವ ಮೊದಲೇ ತಳ್ಳಿಹಾಕುವುದು ಪದ್ಧತಿ. ರಾಜೀವ ತಾರಾನಾಥರನ್ನು ನೆನೆಯಿರಿ. ಅಲಿ ಅಕ್ಬರ್ ಖಾನರ ಶಿಷ್ಯರು, ಸರೋದ್ ವಾದಕರು, ಸಾಹಿತ್ಯ ಬಲ್ಲವರು. ಅವರು ಸಂಗೀತ ಕೊಟ್ಟ ‘ಸಂಸ್ಕಾರ’ (1970) ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು. ‘ಪಲ್ಲವಿ’ (1976) ಬಂತು. ಮಲೆಯಾಳದ ಅರವಿಂದನ್ ‘ಕಾಂಚನ ಸೀತಾ’ (1977) ಚಿತ್ರಕ್ಕೆ ಅವರನ್ನು ಕರೆಸಿಕೊಂಡರು. 2024ರಲ್ಲಿ ಅವರು ತೀರಿಕೊಂಡರು. ಈ ಐವತ್ತಕ್ಕೂ ಮಿಕ್ಕ ವರ್ಷಗಳಲ್ಲಿ ನಮ್ಮ ದೊಡ್ಡ ಬಂಡವಾಳದ ಚಿತ್ರಗಳಿಗೆ ಅವರು ಬೇಕಾಗಲಿಲ್ಲ. ಇದು ವಿಧಿಯೋ, ನಮ್ಮ ಕಿವುಡೋ?

“ಜನ ಹಾಡು ಬೇಡುತ್ತಾರೆ” ಎಂಬುದು ನಿರ್ಮಾಪಕರ ಸಿದ್ಧ ಉತ್ತರ. ಬೇಡಲಿ, ಹಾಡಿನ ಮೇಲೆ ನನಗೇನೂ ಹಗೆಯಿಲ್ಲ. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರನ್ನೇ ಹಾಡಿಸಿದಾಗ ಜನ ಒಲ್ಲೆನ್ನಲಿಲ್ಲ. ಆದರೆ ಚಿತ್ರದ ಸಂಗೀತ ಹಾಡಿಗೇ ಮುಗಿಯುವುದಿಲ್ಲ. ಬೀದರಿನ ಮಗ್ಗುಲಲ್ಲಿರುವ ನಮ್ಮ ಅಷ್ಟೂರಿಗೆ ಬನ್ನಿ. ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಉರುಸಿನಲ್ಲಿ ಜಂಗಮರು ಶಂಖ ಊದುತ್ತಾರೆ; ಫಾತಿಹಾ ಓದುವುದೂ ಅಲ್ಲಿಯೇ. ಇದನ್ನು ಚಿತ್ರ ಮಾಡಹೊರಟವರು ನಡುವೆ ಒಂದು ಖವಾಲಿಯನ್ನು ಹೊಲಿದು ಕೈತೊಳೆದುಕೊಂಡಾರು! ಶಂಖ ನಿಂತ ಮೇಲಿನ ಮೌನವನ್ನು ಕೇಳಬಲ್ಲ ಸಂಗೀತಗಾರ ಇದಕ್ಕೆ ಬೇಕು. ಅಂಥವನನ್ನು ಕಥೆ ಬರೆಯುವಾಗಲೇ ಕರೆದು ಕೂರಿಸಿಕೊಳ್ಳಬೇಕು.

ಹಾಗೆ ಕರೆಯಲಿ. ಅವನು ಕಟ್ಟಿದ ಹಿನ್ನೆಲೆ ಸಂಗೀತವನ್ನು, ಚಿತ್ರ ಸೋತರೂ ನಿಂತುಹೋದರೂ, ಸ್ವರಲಿಪಿ ಸಹಿತ ಕಾದಿಡಲಿ. ನಮ್ಮ ಚಲನಚಿತ್ರ ಅಕಾಡೆಮಿಗೆ ಇದಕ್ಕಿಂತ ಹತ್ತಿರದ ಕರ್ತವ್ಯ ಯಾವುದಿದೆ? ಇಷ್ಟನ್ನೂ ಮಾಡದವರಿಗೆ “ತಪ್ಪಿಹೋಯಿತಂತೆ” ಎಂದು ಮರುಗುವ ಹಕ್ಕಿಲ್ಲ.